ರೈಲುಡಬ್ಬಿಯ ಚೌಕಟ್ಟು: ಸಂಘಟ್ಟನೆಗಳ ಇತಿಹಾಸದಲ್ಲಿ ಎರಡನೆಯ ಪ್ರಶ್ನೆ

ರೈಲುಗಳ ಸಂಘಟ್ಟನೆಯನ್ನು ಕುರಿತ ಬರವಣಿಗೆಗಳಲ್ಲಿ ಸಾಮಾನ್ಯವಾಗಿ ಒಂದೇ ಪ್ರಶ್ನೆಯನ್ನು ವಿಚಾರಮಾಡಿರುವುದು ಕಂಡುಬರುತ್ತದೆ: ಎರಡು ರೈಲುಗಳು ಒಂದೇ ಹಳಿಯ ಮೇಲೆ ಹೇಗೆ ಬಂದವು? ಯಾವ ಕೈಮರ ತಪ್ಪಿತು, ಯಾರು ಮೈಮರೆತರು, ಯಾವ ನಿಯಮ ಮುರಿಯಿತು ಎಂಬಿಷ್ಟನ್ನು ನಿರ್ಣಯಿಸಿದೊಡನೆ ವಿಚಾರಣೆ ಮುಗಿಯಿತೆಂದು ಜನರು ಭಾವಿಸುವರು. ಇತಿಹಾಸಕಾರರೂ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುವರು. ಆದರೆ ಈ ಪ್ರಶ್ನೆಯ ಮಗ್ಗುಲಲ್ಲಿಯೇ ಇನ್ನೊಂದಿದೆ. ರೈಲುಗಳು ಒಂದನ್ನೊಂದು ತಾಗಿದುವು, ಸರಿ. ಒಳಗೆ ಕುಳಿತಿದ್ದವರು ಸತ್ತುದೇಕೆ? ಸತ್ತವರು ಇವರೇ ಏಕೆ, ಪಕ್ಕದ ಡಬ್ಬಿಯವರು ಉಳಿದುದೇಕೆ? ಮೊದಲನೆಯ ಪ್ರಶ್ನೆಗೆ ಉತ್ತರವು ಮನುಷ್ಯರ ನಡತೆಯಲ್ಲಿ ದೊರೆಯುವುದು. ಎರಡನೆಯದಕ್ಕೆ ಬಡಗಿಯ ಮತ್ತು ಕಮ್ಮಾರನ ಕೆಲಸದಲ್ಲಿ, ಎಂದರೆ ಬಂಡಿಯ ಚೌಕಟ್ಟಿನಲ್ಲಿ ಹುಡುಕಬೇಕಾಗುವುದು. ಇಂತಹ ಘಟನೆಗಳನ್ನು ನಾವು ‘ಆಕಸ್ಮಿಕ’ ಎನ್ನುತ್ತೇವೆ. ‘ಅಕಸ್ಮಾತ್’ ಎಂದರೆ ‘ಯಾವುದರಿಂದಲೂ ಅಲ್ಲದೆ’, ಕಾರಣವಿಲ್ಲದೆ ಎಂದರ್ಥವಷ್ಟೆ. ಸಾವಿಗೆ ಸಂಬಂಧಿಸಿದಂತೆ ಈ ಪದವು ಎಷ್ಟರಮಟ್ಟಿಗೆ ಸಲ್ಲದೆಂಬುದನ್ನು ಕೆಲವು ಪ್ರಸಿದ್ಧ ಪ್ರಸಂಗಗಳ ಆಧಾರದಿಂದ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲ ರೈಲುಡಬ್ಬಿಗಳನ್ನು ಕಟ್ಟಿದವರು ಕುದುರೆಗಾಡಿ ಮಾಡುತ್ತಿದ್ದ ಕುಶಲಿಗಳು. ಇಂಗ್ಲೆಂಡಿನ ಮೊದಲ ದರ್ಜೆಯ ಡಬ್ಬಿಯು ನೋಟಕ್ಕೆ ಮೂರು ಕುದುರೆಗಾಡಿಗಳ ಒಡಲನ್ನು ಒಂದರ ಪಕ್ಕ ಒಂದನ್ನಿಟ್ಟು ಒಂದೇ ಅಡಿಚೌಕಟ್ಟಿನ ಮೇಲೆ ಬಿಗಿದಂತಿತ್ತು. ಅಡಿಯ ಚೌಕಟ್ಟು ದಪ್ಪ ತೊಲೆಗಳದು. ಎಳೆತವನ್ನೂ ತಳ್ಳುವಿಕೆಯನ್ನೂ ಅದೇ ಹೊರಬೇಕು. ಮೇಲಿನ ಒಡಲು ತೆಳುವಾದ ಹಲಗೆಯದು. ಅದರ ಕೆಲಸ ಮಳೆ ಬಿಸಿಲುಗಳನ್ನು ತಡೆಯುವುದು ಮಾತ್ರ. ಬಲವೆಲ್ಲವೂ ಕೆಳಗೆ, ಜನರೆಲ್ಲರೂ ಮೇಲೆ. ಮುಂದೆ ಒಂದು ನೂರು ವರ್ಷ ನಡೆದ ಅನರ್ಥಗಳ ಬೀಜವು ಈ ಏರ್ಪಾಟಿನಲ್ಲಿಯೇ ಅಡಗಿತ್ತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಮೂರನೆಯ ದರ್ಜೆಯವರಿಗೆ ಈ ಹಲಗೆಯ ಒಡಲೂ ಇರಲಿಲ್ಲ. ೧೮೪೧ರ ಡಿಸೆಂಬರ್ ೨೪ರಂದು ಗ್ರೇಟ್ ವೆಸ್ಟರ್ನ್ ರೈಲ್ವೆಯ ಸಾಮಾನು ರೈಲೊಂದು ಸಾನಿಂಗ್ ಎಂಬಲ್ಲಿ, ಗುಡ್ಡವನ್ನು ಕಡಿದು ಮಾಡಿದ ದಾರಿಯಲ್ಲಿ, ಮಳೆಗೆ ಕುಸಿದುಬಿದ್ದ ಮಣ್ಣಿಗೆ ತಾಗಿತು. ಆ ರೈಲಿನಲ್ಲಿ ಬಡ ಪ್ರಯಾಣಿಕರನ್ನು ಮೋಟು ಗೋಡೆಯ ತೆರೆದ ಬಂಡಿಗಳಲ್ಲಿ ಕುಳ್ಳಿರಿಸಿ, ಆ ಬಂಡಿಗಳನ್ನು ಎಂಜಿನಿಗೂ ಭಾರವಾದ ಸಾಮಾನು ಬಂಡಿಗಳಿಗೂ ನಡುವೆ ಜೋಡಿಸಿದ್ದರು. ಮುಂದಿನದು ನಿಂತಿತು, ಹಿಂದಿನದು ನಿಲ್ಲಲಿಲ್ಲ. ಒಂಬತ್ತು ಜನ ಸತ್ತರು. ಬ್ರಿಟಿಷ್ ಪಾರ್ಲಿಮೆಂಟು ೧೮೪೪ರಲ್ಲಿ ರೈಲುಗಳ ನಿಯಂತ್ರಣಕ್ಕಾಗಿ ಶಾಸನವೊಂದನ್ನು ಮಾಡಿ, ಮೂರನೆಯ ದರ್ಜೆಯವರಿಗೂ ಮಾಡುಳ್ಳ, ಆಸನವುಳ್ಳ ಡಬ್ಬಿಗಳಿರಬೇಕೆಂದು ವಿಧಿಸಿದುದಕ್ಕೆ ಈ ಸಾವುಗಳೂ ಒಂದು ಕಾರಣ. ರೈಲಿನಲ್ಲಿ ಯಾರು ಎಲ್ಲಿ ಕುಳಿತಿರುತ್ತಾರೆಂಬುದು ಪ್ರಾಣದ ಪ್ರಶ್ನೆಯೆಂಬುದನ್ನು ಇಷ್ಟು ಮೊದಲೇ ತಿಳಿಸಿದ ಪ್ರಸಂಗವಾದುದರಿಂದ ವಾಚಕರು ಇದನ್ನು ನೆನಪಿನಲ್ಲಿಟ್ಟಿರಬೇಕೆಂದು ಕೋರುತ್ತೇನೆ.

ಮುಂದಿನ ವರ್ಷವೇ, ೧೮೪೨ರ ಮೇ ೮ರಂದು, ವರ್ಸೇಲ್ಸಿನಿಂದ ಪ್ಯಾರಿಸಿಗೆ ಉತ್ಸವ ನೋಡಿ ಮರಳುತ್ತಿದ್ದವರ ರೈಲು ಮ್ಯೂಡನ್ ಬಳಿ ಮುಂದಿನ ಎಂಜಿನಿನ ಅಚ್ಚು ಮುರಿದು ಉರುಳಿತು. ಹಿಂದಿನ ಡಬ್ಬಿಗಳು ಒಂದರ ಮೇಲೊಂದು ಹತ್ತಿ ಎಂಜಿನಿನ ಕೆಂಡದ ಮೇಲೆ ಬಿದ್ದುವು. ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕಿತ್ತು. ಭೂಪ್ರದಕ್ಷಿಣೆ ಮಾಡಿ ಬಂದ ಪ್ರಸಿದ್ಧ ನಾವಿಕ ಡ್ಯೂಮಾನ್ ದ್ಯುರ್ವಿಲ್ಲನು ಹೆಂಡತಿ ಮತ್ತು ಮಗನೊಡನೆ ಅಲ್ಲಿ ಬೆಂದುಹೋದನು. ಸತ್ತವರ ಸಂಖ್ಯೆ ೫೦ಕ್ಕೂ ಮೇಲ್ಪಟ್ಟಿತ್ತು. ಈ ಘಟನೆಯಿಂದ ಎರಡು ಫಲಗಳಾದುವು. ಬೀಗ ಹಾಕುವ ಪದ್ಧತಿ ನಿಂತಿತು. ಲೋಹವು ಪದೇ ಪದೇ ಬಳುಕಿ ದಣಿದು ಮುರಿಯುವ ಬಗೆಯನ್ನು ರ‍್ಯಾಂಕಿನ್ ಮೊದಲಾದ ವಿದ್ವಾಂಸರು ಶೋಧಿಸತೊಡಗಿದರು. ಅಚ್ಚಿನ ವಿಷಯ ಶಾಸ್ತ್ರವಾಯಿತು. ಡಬ್ಬಿಗಳು ಒಂದರ ಮೇಲೊಂದು ಹತ್ತಿದುವೆಂಬ ಸಂಗತಿಯಾದರೋ ಬಹುಕಾಲ ಬರಿಯ ವರ್ಣನೆಯಾಗಿಯೇ ಉಳಿಯಿತು.

ಆ ಹತ್ತುವಿಕೆಯ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಸಾಲಾಗಿ ಓಡುತ್ತಿರುವ ಡಬ್ಬಿಗಳಲ್ಲಿ ಮುಂದಿನದು ಥಟ್ಟನೆ ನಿಂತರೆ ಹಿಂದಿನದರ ಭಾರವೆಲ್ಲ ಅದರ ಬಫರುಗಳ ಮೇಲೆ ಬೀಳುವುದು. ಎರಡು ಅಡಿಚೌಕಟ್ಟುಗಳು ಕೂದಲೆಳೆಯಷ್ಟೂ ಹೆಚ್ಚುಕಡಮೆಯಿಲ್ಲದೆ ಒಂದೇ ಮಟ್ಟದಲ್ಲಿದ್ದರೆ ತುದಿಗೆ ತುದಿ ಒತ್ತಿ ನಿಲ್ಲಬಹುದು. ವಾಸ್ತವವಾಗಿ ಒಂದರ ಮೂತಿ ತಗ್ಗುವುದು, ಇನ್ನೊಂದರ ಹಿಂಬದಿ ಏಳುವುದು. ಅಂಗುಲಗಳ ಅಂತರವಾದರೂ ಸಾಕು. ಮೇಲಾದ ಚೌಕಟ್ಟು ಕೆಳಗಾದುದನ್ನು ಏರಿ, ಅದರ ಮೇಲಿರುವ ಹಲಗೆಯ ಒಡಲನ್ನು ಸೀಳಿಕೊಂಡು ಉದ್ದಕ್ಕೂ ಒಳಗೆ ಹೋಗುವುದು. ಮೇಜಿನ ಸೆಳೆಖಾನೆಯನ್ನು ಒಳಕ್ಕೆ ದೂಡಿದಂತೆ ಎನ್ನಬಹುದು. ಆದರೆ ಸೆಳೆಖಾನೆಯ ಜಾಗದಲ್ಲಿ ಜನರಿರುವರು. ಹಿಗ್ಗಿಸಿ ಕುಗ್ಗಿಸುವ ದುರ್ಬೀನಿನ ಕೊಳವೆಗಳು ಒಂದರೊಳಗೊಂದು ಸೇರುವುದನ್ನು ಕಂಡು ಇಂಗ್ಲಿಷರು ಇದಕ್ಕೆ ‘ಟೆಲಿಸ್ಕೋಪಿಂಗ್’ ಎಂದು ಹೆಸರಿಟ್ಟರು. ನಮ್ಮ ಪತ್ರಿಕೆಗಳು ಡಬ್ಬಿ ಉರುಳಿದರೂ, ಮುರಿದರೂ, ಒಂದರೊಳಗೊಂದು ಹೊಕ್ಕರೂ ‘ನಜ್ಜುಗುಜ್ಜು’ ಎಂಬ ಒಂದೇ ಮಾತನ್ನು ಬಳಸುತ್ತವೆ. ಭೇದವಿರುವಲ್ಲಿ ಪದಭೇದವೂ ಇರಬೇಕಾದುದು ನ್ಯಾಯ. ಈ ಲೇಖನದ ಮಟ್ಟಿಗೆ ಇದನ್ನು ‘ಒಳತೂರಿಕೆ’ ಎಂದು ಕರೆದಿದ್ದೇನೆ. ಇದಕ್ಕಿಂತ ಮೇಲಾದುದನ್ನು ವಿದ್ವಾಂಸರು ಸೂಚಿಸಬಹುದು.

ಒಳತೂರಿಕೆಯನ್ನು ರೋಗವೆಂದು ಗುರುತಿಸಿ ಮದ್ದು ಹುಡುಕಿದವರಲ್ಲಿ ಅಮೆರಿಕದವರು ಮೊದಲಿಗರು. ಎಜ್ರಾ ಮಿಲ್ಲರನು ೧೮೬೦ರ ದಶಕದಲ್ಲಿ ಒಂದು ಬಗೆಯ ಜಗಲಿಯನ್ನೂ ಕೊಂಡಿಯನ್ನೂ ಕಲ್ಪಿಸಿ ಹಕ್ಕುಪತ್ರ ಪಡೆದನು. ಡಬ್ಬಿಗಳ ತುದಿಯ ಜಗಲಿಗಳು ಅಡಿಚೌಕಟ್ಟಿನ ಮಟ್ಟದಲ್ಲಿಯೇ ಇದ್ದು, ಸ್ಪ್ರಿಂಗುಗಳ ಒತ್ತಡದಿಂದ ಒಂದಕ್ಕೊಂದು ಸದಾ ಬಿಗಿಯಾಗಿ ತಾಗಿಕೊಂಡಿರುವುವು; ನಡುವೆ ಸಡಿಲವಿಲ್ಲದುದರಿಂದ ಒಂದು ಇನ್ನೊಂದನ್ನು ಏರಲು ಆಸ್ಪದವಿಲ್ಲ. ಉಪಾಯ ಸರಳವಾಗಿತ್ತು. ಆದರೂ ಅನೇಕ ಕಂಪನಿಗಳು ಖರ್ಚಿಗೆ ಹಿಂಜರಿದುವು. ೧೮೭೧ರ ಆಗಸ್ಟ್ ೨೬ರಂದು ಮ್ಯಾಸಚೂಸೆಟ್ಸಿನ ರಿವೀರ್ ನಿಲ್ದಾಣದಲ್ಲಿ ನಿಂತಿದ್ದ ರೈಲಿಗೆ ಹಿಂದಿನಿಂದ ಬಂದ ವೇಗದ ರೈಲು ತಾಗಿ, ಎಂಜಿನು ಹಿಂದುಗಡೆಯ ಡಬ್ಬಿಯೊಳಕ್ಕೆ ಬಹುದೂರ ಹೊಕ್ಕು, ಸುಮಾರು ೩೦ ಜನರು ಸತ್ತಮೇಲೆ ಜನರ ಕೋಪ ಕಂಪನಿಗಳನ್ನು ಎಚ್ಚರಿಸಿತು. ಆ ರಾಜ್ಯದ ರೈಲ್ವೆ ಕಮಿಷನರರಲ್ಲೊಬ್ಬನಾಗಿದ್ದ ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸನು ೧೮೭೯ರಲ್ಲಿ ಪ್ರಕಟಿಸಿದ ರೈಲು ಅಪಘಾತಗಳ ಪುಸ್ತಕದಲ್ಲಿ ಮಿಲ್ಲರನ ಜಗಲಿಗೂ ಒಳತೂರಿಕೆಗೂ ಪ್ರತ್ಯೇಕ ಸ್ಥಳ ಕೊಟ್ಟಿದ್ದಾನೆ. ಮೇಲೆ ಹೇಳಿದ ಎರಡನೆಯ ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿದ ಮೊದಲ ಗ್ರಂಥಗಳಲ್ಲಿ ಅದೂ ಒಂದೆಂದು ನನ್ನ ಅಭಿಪ್ರಾಯ.

ಇನ್ನು ಕ್ವಿಂಟಿನ್ಸ್‌ಹಿಲ್. ಸ್ಕಾಟ್ಲೆಂಡಿನ ಗಡಿಯಲ್ಲಿ ಗ್ರೆಟ್ನಾ ಬಳಿ ಇರುವ ಈ ಸ್ಥಳದಲ್ಲಿ ೧೯೧೫ರ ಮೇ ೨೨ರ ಬೆಳಗ್ಗೆ ಏಳು ಗಂಟೆಗೆ ಕೊಂಚ ಮೊದಲು ನಡೆದುದು ಬ್ರಿಟನ್ನಿನ ರೈಲುಗಳ ಚರಿತ್ರೆಯಲ್ಲಿಯೇ ಅತಿ ಘೋರವಾದ ಸಂಘಟ್ಟನೆ. ಪಕ್ಕದ ಹಳಿಗಳಲ್ಲಿ ಸಾಮಾನು ರೈಲುಗಳಿದ್ದ ಕಾರಣ ಕಾರ್ಲೈಲಿನಿಂದ ಬಂದ ಸ್ಥಳೀಯ ರೈಲನ್ನು ಎದುರು ದಿಕ್ಕಿನ ಮುಖ್ಯ ಹಳಿಯ ಮೇಲೆ ನಿಲ್ಲಿಸಿದ್ದರು. ಅದನ್ನು ಅಲ್ಲಿ ನಿಲ್ಲಿಸಿದ ಸಂಗತಿ ಕೈಮರದ ಮನೆಯಲ್ಲಿದ್ದ ಇಬ್ಬರಿಗೂ ತಿಳಿದಿತ್ತು; ಅವರಲ್ಲಿ ಒಬ್ಬನಂತೂ ಅದೇ ರೈಲಿನಿಂದ ಇಳಿದು ಕೆಲಸಕ್ಕೆ ಬಂದವನು. ಆದರೂ ಮರೆತರು. ಗ್ಯಾಲಿಪೋಲಿಯ ರಣರಂಗಕ್ಕೆ ಹೊರಟಿದ್ದ ರಾಯಲ್ ಸ್ಕಾಟ್ಸ್ ೭ನೆಯ ಪಡೆಯ ಸಿಪಾಯಿಗಳ ರೈಲಿಗೆ ದಾರಿ ಬಿಟ್ಟರು. ಅದು ಇಳಿಜಾರಿನಲ್ಲಿ ವೇಗವಾಗಿ ಬಂದು ನಿಂತಿದ್ದ ರೈಲಿಗೆ ಅಪ್ಪಳಿಸಿತು. ಒಂದು ನಿಮಿಷ ಕಳೆಯುವಷ್ಟರಲ್ಲಿ ಲಂಡನ್ನಿನಿಂದ ಗ್ಲಾಸ್ಗೋಗೆ ಹೋಗುತ್ತಿದ್ದ ಎಕ್ಸ್‌ಪ್ರೆಸ್ ರೈಲು ಆ ಅವಶೇಷದ ಮೇಲೆಯೇ ನುಗ್ಗಿತು.

ಸೈನಿಕರ ರೈಲಿನ ಉದ್ದ ೨೧೩ ಗಜಗಳಿದ್ದಿತು. ಡಿಕ್ಕಿಯ ಅನಂತರ ಅದು ೬೭ ಗಜಗಳಾಗಿತ್ತು. ಅಧಿಕೃತ ವರದಿಯ ಈ ಎರಡು ಅಂಕೆಗಳನ್ನು ಓದಿದಮೇಲೆ ಉಳಿದ ವರ್ಣನೆ ಬೇಕಾಗುವುದಿಲ್ಲ. ಮೂರು ಪಾಲಿನಲ್ಲಿ ಎರಡು ಪಾಲು ಎಲ್ಲಿ ಹೋಯಿತು? ಡಬ್ಬಿಗಳು ಒಂದರೊಳಗೊಂದು ಹೋದುವು. ಯುದ್ಧಕಾಲದಲ್ಲಿ ಒಳ್ಳೆಯ ಡಬ್ಬಿಗಳು ಸಾಲದೆ ಗ್ರೇಟ್ ಸೆಂಟ್ರಲ್ ರೈಲ್ವೆಯ ಹಳೆಯ ಡಬ್ಬಿಗಳನ್ನು ತಂದು ಜೋಡಿಸಿದ್ದರು. ಅವುಗಳ ಒಡಲೂ ಮರ, ಚೌಕಟ್ಟೂ ಮರ. ದೀಪಕ್ಕಾಗಿ ಅನಿಲವನ್ನು ಒತ್ತಿ ತುಂಬಿದ ಸಿಲಿಂಡರುಗಳನ್ನು ನೆಲದ ಕೆಳಗೆ ತೂಗುಹಾಕಿತ್ತು. ಒಳತೂರಿಕೆಯಲ್ಲಿ ಮೊದಲು ಒಡೆಯುವುದು ಆ ಸ್ಥಳವೇ. ಅನಿಲಕ್ಕೆ ಎಂಜಿನಿನ ಕೆಂಡ ತಾಗಿ ಹತ್ತಿದ ಬೆಂಕಿಯು ಮರುದಿನ ಬೆಳಗಿನವರೆಗೂ ಉರಿಯಿತು. ಸುಮಾರು ೨೨೬ ಜನರು ಸತ್ತರೆಂದು ಲೆಕ್ಕ. ‘ಸುಮಾರು’ ಎನ್ನುವುದೇಕೆಂದರೆ ಪಡೆಯ ಹಾಜರಿಪಟ್ಟಿಯೂ ಅದೇ ಬೆಂಕಿಯಲ್ಲಿ ಸುಟ್ಟುಹೋಯಿತು. ಸತ್ತವರಲ್ಲಿ ಬಹುಮಂದಿ ಲೀತ್ ಎಂಬ ಒಂದೇ ಊರಿನ ಯುವಕರು.

ಕೈಮರದ ಟಿನ್‌ಸ್ಲಿಗೆ ಮೂರು ವರ್ಷದ ಕಠಿನ ಸಜೆಯೂ ಮೀಕಿನ್ನನಿಗೆ ಹದಿನೆಂಟು ತಿಂಗಳ ಸಜೆಯೂ ಆಯಿತು. ೧೯೧೬ರ ಡಿಸೆಂಬರಿನಲ್ಲಿ ಇಬ್ಬರನ್ನೂ ಬಿಟ್ಟರು. ಅವರ ತಪ್ಪು ಘೋರವಾದುದು, ಅದರಲ್ಲಿ ಸಂದೇಹವಿಲ್ಲ. ಆದರೆ ೨೨೬ ಪ್ರಾಣಗಳ ಲೆಕ್ಕವನ್ನೆಲ್ಲ ಅವರಿಬ್ಬರ ಹೆಸರಿಗೆ ಬರೆಯುವುದು ಸರಿಯಾದ ಇತಿಹಾಸವೇ? ಅದೇ ಮರವೆ, ಅದೇ ವೇಗ, ಉಕ್ಕಿನ ಡಬ್ಬಿ, ವಿದ್ಯುದ್ದೀಪ ಎಂದು ಊಹಿಸಿದರೆ ಸತ್ತವರು ಇರುತ್ತಿರಲಿಲ್ಲವೆಂದಲ್ಲ, ಇಷ್ಟು ಜನ ಇರುತ್ತಿರಲಿಲ್ಲ. ಡಿಕ್ಕಿ ಅವರ ಕೈಯಿಂದಾಯಿತು. ೨೧೩ ಗಜ ೬೭ ಗಜವಾದುದು ಅವರ ಕೈಯಿಂದಾದುದಲ್ಲ. ಆ ಡಬ್ಬಿಗಳನ್ನು ಸೈನಿಕರಿಗೆ ಸಾಕೆಂದು ಆರಿಸಿದವರ ಹೆಸರುಗಳು ಜನರ ನೆನಪಿನಲ್ಲಿ ಉಳಿದಿಲ್ಲ.

ಉಕ್ಕಿನ ಡಬ್ಬಿ ಆ ಹೊತ್ತಿಗೆ ಹೊಸದಾಗಿರಲಿಲ್ಲ. ೧೯೦೪ರಲ್ಲಿ ಆರಂಭವಾದ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಪೂರ್ತಿ ಉಕ್ಕಿನ ಡಬ್ಬಿಗಳು ಓಡುತ್ತಿದ್ದುವು. ಪೆನ್ಸಿಲ್ವೇನಿಯ ರೈಲ್ವೆಯು ಹೊಸ ಪ್ರಯಾಣಿಕರ ಡಬ್ಬಿಗಳನ್ನು ಉಕ್ಕಿನಿಂದಲೇ ಮಾಡಿಸುವುದೆಂದು ೧೯೦೬ರಲ್ಲಿ ನಿಶ್ಚಯಿಸಿತು. ಇಲ್ಲೊಂದು ವಿನೋದವಿದೆ. ಈ ಬದಲಾವಣೆಗೆ ಮುಖ್ಯವಾದ ಪ್ರೇರಣೆ ಡಿಕ್ಕಿಯಲ್ಲ, ಬೆಂಕಿ. ೧೯೦೩ರ ಆಗಸ್ಟ್ ೧೦ರಂದು ಪ್ಯಾರಿಸಿನ ನೆಲದಡಿಯ ರೈಲಿನಲ್ಲಿ ಮರದ ಡಬ್ಬಿ ಹತ್ತಿಕೊಂಡು ಕುರಾನ್ ನಿಲ್ದಾಣದಲ್ಲಿ ೮೪ ಜನ ಹೊಗೆಗೆ ಸಿಕ್ಕಿ ಸತ್ತಿದ್ದರು. ಸುರಂಗಗಳಲ್ಲಿ ಮರವನ್ನು ಓಡಿಸುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಬಯಲಿನಲ್ಲಿ ಓಡುವ ರೈಲುಗಳಿಗೆ ಮರ ಸಾಕೆಂದೇ ಬಹುಕಾಲ ಎಣಿಸಿದರು. ೧೯೧೮ರ ಜುಲೈ ೯ರಂದು ನ್ಯಾಶ್‌ವಿಲ್ಲಿನಲ್ಲಿ ಎದುರುಬದುರಾಗಿ ಬಂದ ಎರಡು ರೈಲುಗಳ ಮರದ ಡಬ್ಬಿಗಳು ಒಳತೂರಿ ೧೦೧ ಜನರು ಸತ್ತರು.

ಮರವನ್ನು ಬಿಟ್ಟು ಉಕ್ಕನ್ನು ಹಿಡಿದರೆ ತೀರಿತೆಂದು ಭಾವಿಸಿದುದು ಎರಡನೆಯ ಘಟ್ಟದ ಭ್ರಮೆ. ಅನೇಕ ಕಡೆ ಮೊದಲು ಬಲಪಡಿಸಿದುದು ಅಡಿಚೌಕಟ್ಟನ್ನು ಮಾತ್ರ. ಮೇಲಿನ ಒಡಲು ಮರದ್ದೇ ಉಳಿಯಿತು. ಇದರಿಂದ ಪ್ರಯಾಣಿಕನ ರಕ್ಷಣೆ ಹೆಚ್ಚಲಿಲ್ಲ. ಅವನ ಮೇಲೆ ಬರುವ ಆಯುಧ ಹರಿತವಾಯಿತು. ಮರದ ತೊಲೆ ಮುರಿದಾದರೂ ನಿಲ್ಲುತ್ತಿತ್ತು. ಉಕ್ಕಿನ ತೊಲೆ ಭರ್ಜಿಯಂತೆ ನೆಟ್ಟಗೆ ಹೋಯಿತು. ಒಂದೇ ರೈಲಿನಲ್ಲಿ ಉಕ್ಕಿನ ಡಬ್ಬಿಗಳ ನಡುವೆ ಮರದ ಡಬ್ಬಿಯನ್ನು ಜೋಡಿಸಿದರೆ ಅದರ ಗತಿ ಅಡಕತ್ತರಿಯಲ್ಲಿ ಸಿಕ್ಕಿದಂತೆಯೇ. ಬ್ರಿಟಿಷ್ ರೈಲ್ವೆಯವರು ೧೯೫೧ರಲ್ಲಿ ತಂದ ಮೊದಲ ಮಾದರಿಯ ಡಬ್ಬಿಯಲ್ಲಿ ಒಡಲು ಕೂಡ ಉಕ್ಕಿನದಾಯಿತು. ಹಳೆಯವುಗಳಿಗಿಂತ ಅದು ಬಹಳ ಮೇಲು. ಆದರೂ ಅಡಿಚೌಕಟ್ಟು ಬೇರೆ, ಒಡಲು ಬೇರೆ ಎಂಬ ಕುದುರೆಗಾಡಿಯ ಕಾಲದ ವಿಂಗಡಣೆ ಅದರಲ್ಲಿ ಹಾಗೆಯೇ ನಿಂತಿತ್ತು. ೧೯೮೮ರ ಡಿಸೆಂಬರ್ ೧೨ರಂದು ಲಂಡನ್ನಿನ ಕ್ಲಾಪಮ್ ಜಂಕ್ಷನ್ನಿನಲ್ಲಿ ಆ ಜಾತಿಯ ಡಬ್ಬಿಗಳುಳ್ಳ ರೈಲುಗಳು ತಾಗಿ ೩೫ ಜನ ಸತ್ತರು. ಕೈಮರದ ಪೆಟ್ಟಿಗೆಯಲ್ಲಿ ಸರಿಯಾಗಿ ಕಡಿದು ಕಟ್ಟದೆ ಬಿಟ್ಟ ಒಂದು ತಂತಿ ಮೊದಲ ಪ್ರಶ್ನೆಗೆ ಉತ್ತರವಾಯಿತು. ಎರಡನೆಯ ಪ್ರಶ್ನೆಯೂ ಈಗ ಕಡತದಲ್ಲಿ ಸೇರಿತು. ೧೯೯೪ರ ಅಕ್ಟೋಬರ್ ೧೫ರಂದು ಕೌಡನ್ ಎಂಬಲ್ಲಿ ಅದೇ ಜಾತಿಯವು ಒಂದನ್ನೊಂದು ಏರಿ ಐವರು ಸತ್ತಮೇಲೆ ಅದು ತೀವ್ರವಾಯಿತು. ಆ ಡಬ್ಬಿಗಳು ಮುಖ್ಯ ದಾರಿಗಳನ್ನು ಬಿಟ್ಟುದು ೨೦೦೫ರಲ್ಲಿ.

ನಿಜವಾದ ಪರಿಹಾರದಲ್ಲಿ ಎರಡು ಅಂಶಗಳಿವೆ. ಒಡಲನ್ನೂ ಅಡಿಯನ್ನೂ ಒಂದೇ ಕೊಳವೆಯಂತೆ ಬೆಸೆದು ಬಲವನ್ನು ಗೋಡೆ, ಮಾಡು, ನೆಲಗಳಿಗೆಲ್ಲ ಹಂಚುವುದು ಒಂದು. ಇನ್ನೊಂದು ಮೇಲುನೋಟಕ್ಕೆ ವಿಪರೀತವೆನ್ನಿಸುವುದು: ಜನರಿಲ್ಲದ ತುದಿಗಳನ್ನು ಬೇಕೆಂದೇ ಮೆತ್ತಗೆ ಮಾಡುವುದು. ಗಂಟೆಗೆ ೭೨ ಕಿಲೋಮೀಟರು, ಎಂದರೆ ಸೆಕೆಂಡಿಗೆ ೨೦ ಮೀಟರು ವೇಗದಲ್ಲಿರುವವನು ಒಂದು ಮೀಟರಿನೊಳಗೆ ನಿಂತರೆ ಅವನ ಮೈಮೇಲೆ ತೂಕದ ೨೦ ಪಾಲಿನಷ್ಟು ಬಲ ಬೀಳುವುದು. ತುದಿ ಮಡಿದು ನಾಲ್ಕು ಮೀಟರು ಅವಕಾಶ ಕೊಟ್ಟರೆ ೫ ಪಾಲಿಗೆ ಇಳಿಯುವುದು. ಮಡಿಯುವುದೇ ಆ ಭಾಗದ ಕೆಲಸ. ಮೋಟಾರು ಕಾರಿಗೆ ಈ ತತ್ತ್ವವನ್ನು ಅನ್ವಯಿಸಿ ೧೯೫೧ರಲ್ಲಿ ಹಕ್ಕುಪತ್ರ ಕೋರಿದವನು ಡೈಮ್ಲರ್-ಬೆಂಜ್ ಕಂಪನಿಯ ಬೇಲಾ ಬಾರೆನಿ; ೧೯೫೯ರಲ್ಲಿ ಅದು ಆ ಕಂಪನಿಯ ಕಾರಿನಲ್ಲಿ ರೂಪುಗೊಂಡಿತು. ಅಪಘಾತವಾದ ಕಾರಿನ ಮೂತಿ ಮುದುಡಿದುದನ್ನು ಕಂಡು ‘ಹಿಂದಿನ ಗಾಡಿಗಳ ಗಟ್ಟಿತನ ಈಗೆಲ್ಲಿ’ ಎಂದು ಹೇಳುವವರು ಇಂದಿಗೂ ಉಂಟು. ಆ ಗಟ್ಟಿತನದ ಬೆಲೆಯನ್ನು ತೆತ್ತುದು ಒಳಗಿದ್ದವರ ಎದೆಗೂಡು.

ನಮ್ಮ ದೇಶಕ್ಕೆ ಬರೋಣ. ಬೆಂಗಳೂರಿನಿಂದ ಜೋಲಾರಪೇಟೆಗೆ ೧೮೬೪ರಲ್ಲಿ ದಾರಿ ತೆರೆದಂದಿನಿಂದ ಬಹುಕಾಲ ನಮ್ಮ ಪ್ರಯಾಣವೂ ಮರದ ಡಬ್ಬಿಗಳಲ್ಲಿಯೇ ನಡೆಯಿತು. ೧೯೪೦ರಲ್ಲಿ ಮೈಸೂರು ಸರ್ಕಾರದ ಸಹಾಯದಿಂದ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಎರಡನೆಯ ಮಹಾಯುದ್ಧ ಮುಗಿದಮೇಲೆ ಕೈಗೆತ್ತಿಕೊಂಡ ಕೆಲಸಗಳಲ್ಲಿ ಸರ್ವಲೋಹದ ರೈಲುಡಬ್ಬಿಗಳ ನಿರ್ಮಾಣವೂ ಒಂದು. ವಿಮಾನ ಕಟ್ಟುವವರು ರೈಲುಡಬ್ಬಿ ಕಟ್ಟಿದರೆಂಬುದು ವಿಚಿತ್ರವಾಗಿ ತೋರಬಹುದು. ಆದರೆ ಹೊದಿಕೆಯ ತಗಡೇ ಭಾರ ಹೊರಬೇಕೆಂಬ ವಿದ್ಯೆ ವಿಮಾನದವರದೇ. ಮುಂದೆ ಆ ಶಾಖೆಯು ೧೯೬೪ರಲ್ಲಿ ಹುಟ್ಟಿದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಗೆ ಸೇರಿತು. ೧೯೫೫ರ ಅಕ್ಟೋಬರ್ ೨ರಂದು ಮದರಾಸಿನ ಪೆರಂಬೂರಿನಲ್ಲಿ ಆರಂಭವಾದ ಕಾರ್ಖಾನೆಯು ಸ್ವಿಟ್ಜರ್ಲೆಂಡಿನ ಮಾದರಿಯಲ್ಲಿ ಒಡಲು ಅಡಿಗಳೆರಡನ್ನೂ ಒಂದಾಗಿ ಬೆಸೆದ ಡಬ್ಬಿಯನ್ನು ತಯಾರಿಸಿತು. ಅದರ ಹೆಸರಿನಲ್ಲಿಯೇ ಇರುವ ‘ಇಂಟೆಗ್ರಲ್’ ಎಂಬ ಪದಕ್ಕೆ ಈ ಬೆಸುಗೆಯೇ ಅರ್ಥ. ಒಳತೂರಿಕೆ ಬಹಳ ಮಟ್ಟಿಗೆ ತಗ್ಗಿತು, ಏರುವಿಕೆ ತಗ್ಗಲಿಲ್ಲ. ಏಕೆಂದರೆ ಕೊಂಡಿ ಹಳೆಯದೇ: ತಿರುಪಿನ ಕೊಂಡಿ, ಇಕ್ಕೆಲದಲ್ಲಿ ಬಫರು. ೧೯೯೯ರ ಆಗಸ್ಟ್ ೨ರಂದು ಬಂಗಾಳದ ಗೈಸಾಲಿನಲ್ಲಿ ಎರಡು ರೈಲುಗಳು ಎದುರುಬದುರಾಗಿ ತಾಗಿ ೨೮೦ಕ್ಕೂ ಹೆಚ್ಚು ಜನ ಸತ್ತಾಗ ಇದು ಎಲ್ಲರಿಗೂ ಕಂಡಿತು. ಆ ಕಾಲಕ್ಕೇ ಜರ್ಮನಿಯ ಲಿಂಕೆ-ಹಾಫ್‌ಮನ್-ಬುಷ್ ಕಂಪನಿಯ ಡಬ್ಬಿಯನ್ನು ತರಿಸುವ ಏರ್ಪಾಟು ನಡೆದಿತ್ತು. ಇದರ ನಡುಗೊಂಡಿಯು ಡಿಕ್ಕಿಯಲ್ಲಿಯೂ ಕಚ್ಚಿಹಿಡಿದುಕೊಂಡಿದ್ದು ಒಂದು ಇನ್ನೊಂದನ್ನು ಏರಗೊಡುವುದಿಲ್ಲ. ಮಿಲ್ಲರನ ಯುಕ್ತಿಯು ಸುಮಾರು ನೂರನಲವತ್ತು ವರ್ಷ ತಡವಾಗಿ ಬೇರೊಂದು ವೇಷದಲ್ಲಿ ನಮ್ಮಲ್ಲಿಗೆ ಬಂದಿತೆನ್ನಬಹುದು. ಪೆರಂಬೂರಿನಲ್ಲಿ ಹಳೆಯ ಮಾದರಿಯನ್ನು ಕಟ್ಟುವುದು ೨೦೧೮ರ ಜನವರಿಯಲ್ಲಿ ನಿಂತಿತು.

೨೦೧೨ರ ಮೇ ೨೨ರ ಬೆಳಗಿನ ಜಾವ—ಕ್ವಿಂಟಿನ್ಸ್‌ಹಿಲ್ಲಿನ ದಿನವೇ—ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ಪೆನುಕೊಂಡದಲ್ಲಿ ನಿಂತಿದ್ದ ಸಾಮಾನು ರೈಲಿಗೆ ತಾಗಿತು. ಎಂಜಿನಿನ ಹಿಂದಿನ ಡಬ್ಬಿ ಜಜ್ಜಿಹೋಗಿ ಹತ್ತಿಕೊಂಡಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಚಾಲಕ, ಕೈಮರ ಎಂಬ ಚರ್ಚೆಯೇ ಆಗಲೂ ಮುಂದಾಯಿತು. ೨೦೨೩ರ ಜೂನ್ ೨ರಂದು ಒಡಿಸ್ಸಾದ ಬಾಲಸೋರ್ ಜಿಲ್ಲೆಯಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ತಪ್ಪು ಹಳಿಗೆ ತಿರುಗಿ ನಿಂತ ಸಾಮಾನು ರೈಲಿಗೆ ಅಪ್ಪಳಿಸಿತು; ಉರುಳಿದ ಅದರ ಡಬ್ಬಿಗಳಿಗೆ ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ರೈಲಿನ ಹಿಂತುದಿ ಸಿಕ್ಕಿತು. ಸತ್ತವರು ೨೯೦ಕ್ಕೂ ಹೆಚ್ಚು. ಇಲ್ಲಿನ ಡಬ್ಬಿಗಳು ಹೊಸ ಮಾದರಿಯವು. ಆದರೆ ಚೌಕಟ್ಟು ಎಷ್ಟೇ ಉತ್ತಮವಾಗಿರಲಿ, ಇಡೀ ರೈಲನ್ನು ಒಂದು ಬಂಡಿಯೆಂದು ಭಾವಿಸಿದರೆ ಅದಕ್ಕೂ ಮಡಿಯುವ ತುದಿಗಳಿವೆ. ಆ ತುದಿಗಳಲ್ಲಿ ಯಾರಿದ್ದಾರೆಂದು ಕೇಳಬೇಕಾಗುತ್ತದೆ. ನಮ್ಮ ಅನೇಕ ರೈಲುಗಳಲ್ಲಿ ಕಾಯ್ದಿರಿಸದ ಸಾಮಾನ್ಯ ದರ್ಜೆಯ ಡಬ್ಬಿಗಳನ್ನು ಎಂಜಿನಿನ ಹಿಂದೆಯೂ ರೈಲಿನ ಕೊನೆಯಲ್ಲಿಯೂ ಜೋಡಿಸುವುದು ವಾಡಿಕೆ. ಹವಾನಿಯಂತ್ರಿತ ಡಬ್ಬಿಗಳು ಸಾಮಾನ್ಯವಾಗಿ ನಡುವೆ ಇರುತ್ತವೆ. ಬಾಲಸೋರಿನಲ್ಲಿ ಹೌರಾ ರೈಲಿನ ಪೆಟ್ಟುತಿಂದ ಹಿಂತುದಿಯೂ ಕಾಯ್ದಿರಿಸದ ಡಬ್ಬಿಯದೇ. ಎಣಿಕೆಗೆ ಚೀಟಿಯ ಪಟ್ಟಿಯಿಲ್ಲದೆ, ಅದರಲ್ಲಿದ್ದವರ ಹೆಸರುಗಳನ್ನು ಲೀತಿನ ಸಿಪಾಯಿಗಳದರಂತೆಯೇ ಬೇರೆ ದಾರಿಗಳಿಂದ ಹುಡುಕಬೇಕಾಯಿತು.